ಉಸಿರು ಹಾಯುವ ಬಟ್ಟೆ

ಸೋಮವಾರದಿಂದ ಭಾವನ ಪಾರ್ಸೆಲ್ ಆಫೀಸಿಗೆ ಹೋಗ್ತೀನಿ ಅಂತ ಮನೆಯಲ್ಲಿ ಹೇಳಿಯಾಗಿತ್ತು. ಅಮ್ಮನಿಗೆ ಖುಷಿ, ಅಕ್ಕನಿಗೆ ಇನ್ನೂ ಖುಷಿ. ಭಾವ ಅಂತೂ ಫೋನಿನಲ್ಲೇ ಆಸೆ ತೋರಿಸಿದ: "ಬಾರಯ್ಯ, ಇಲ್ಲಿ ಫ್ಯಾನಿದೆ, ಕುರ್ಚಿಯಿದೆ. ಮರದ ಪುಡಿ ಮೂಗಿಗೆ ಹೋಗಲ್ಲ." ಖುಷಿ ಇಲ್ಲದಿದ್ದದ್ದು ನನಗೊಬ್ಬನಿಗೇ. ಪಾರ್ಸೆಲ್ಲಿಗೆ ಚೀಟಿ ಅಂಟಿಸೋದಕ್ಕೆ ನಾನು ಹುಟ್ಟಿದ್ದಲ್ಲ. ನನಗೆ ಬೇಕಾಗಿದ್ದದ್ದು ಮಾವನ ಅಂಗಡಿಯಲ್ಲಿ ಕಿಟಕಿ ಪಕ್ಕದ ಆ ದೊಡ್ಡ ಮೇಜು.

ಮಾವ ಅಂದರೆ ಅಮ್ಮನ ತಮ್ಮ. ಗಿಟಾರಿಗೆ ಹಾಕೋ ಆಂಪ್ಲಿಫೈಯರ್ ರಿಪೇರಿ ಮಾಡ್ತಾನೆ, ಸ್ಪೀಕರ್ ಪೆಟ್ಟಿಗೆ ಕಟ್ತಾನೆ. ನಾನು ಸ್ಕೂಲಿಗೆ ಕೈಮುಗಿದು ಬಂದಾಗಿನಿಂದ ಅವನ ಜೊತೆ. ಹಲಗೆ ಕೊಯ್ಯೋದು, ಉಜ್ಜುಕಾಗದ ತಿಕ್ಕೋದು, ಹಳೇ ಪಿನ್ನು ಕೀಳೋದು, ಹೆಣದಂಥ ಪೆಟ್ಟಿಗೆಗಳನ್ನ ಮೆಟ್ಟಿಲು ಹತ್ತಿಸೋದು ಎಲ್ಲಾ ನಾನೇ. ಆದರೆ ಆ ಮೇಜಿನ ಹತ್ತಿರ ನಡೆಯೋ ಎರಡು ಕೆಲಸಕ್ಕೆ ಮಾತ್ರ ನನ್ನನ್ನ ಹತ್ತಿರ ಬಿಟ್ಟುಕೊಳ್ತಿರಲಿಲ್ಲ. ಸ್ಪೀಕರಿನ ಮುಖಕ್ಕೆ ಯಾವ ಬಟ್ಟೆ ಅಂತ ಆರಿಸೋದು ಒಂದು. ಎಲ್ಲಾ ಜೋಡಿಸಿದ ಮೇಲೆ ಶಬ್ದ ಕೇಳಿ "ಸರಿ" ಅನ್ನೋದು ಇನ್ನೊಂದು. ನಾನು ಏನಾದರೂ ಹೇಳಿದರೆ, "ನೀನು ಸುಮ್ನಿರೋ ಪಟಾಕಿ" ಅಂತಿದ್ದ. ಅಂಗಡಿಗೆ ಬರೋರೆಲ್ಲಾ ಹಂಗೇ ಕರೀತಿದ್ರು. ನನಗೊಂದು ಹೆಸರಿದೆ ಅನ್ನೋದು ಅಮ್ಮನಿಗೇ ಮರೆತುಹೋಗಿರಬೇಕು.

ಈ ಸಲ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದೆ. "ಗಿಟಾರ್ ಅಕ್ಕನ ಪೆಟ್ಟಿಗೆ ನನ್ನ ಕೈಲಿ ಮಾಡಿಸ್ತೀಯೋ, ಇಲ್ಲಾ ನಾನು ಭಾವನ ಹತ್ರ ಹೋಗಲೋ?"

ಮಾವ ತಲೆ ಎತ್ತಲಿಲ್ಲ. ಸೋಲ್ಡರ್ ಹೊಗೆ ಊದಿಕೊಳ್ತಾ, "ನೋಡೋಣ" ಅಂದ.

ಅವನ "ನೋಡೋಣ" ಕೇಳಿ ಕೇಳಿ ನನ್ನ ರಕ್ತ ಕುದ್ದು ಆವಿಯಾಗಿತ್ತು.

ಗಿಟಾರ್ ಅಕ್ಕ ಅಂದರೆ ನಮ್ಮ ಹಳೇ ಗಿರಾಕಿ. ಮಾತು ಕಡಿಮೆ, ಬೆರಳು ಜೋರು. ಅವರ ಪೆಟ್ಟಿಗೆ ಮುಂದಿನ ಬಟ್ಟೆಗೆ ಯಾರೋ ಮೈಕ್ ಸ್ಟ್ಯಾಂಡಿನ ಕಾಲು ನುಗ್ಗಿಸಿ ಹರಿದುಹಾಕಿದ್ರು. ಒಳಗೆ ಅದುರೋ ಸ್ಪೀಕರಿನ ಕಾಗದಕ್ಕೆ ಏನೂ ಆಗಿರಲಿಲ್ಲ, ಅದೊಂದು ಪುಣ್ಯ. ಆದರೆ ಅದಕ್ಕೆ ಹಾಕೋ ಪ್ಲಾಸ್ಟಿಕ್ ನೂಲಿನ ಬಟ್ಟೆ ಈಗ ಎಲ್ಲೂ ಸಿಗ್ತಿರಲಿಲ್ಲ. ತರಿಸ್ತಿದ್ದ ಅಂಗಡಿಯವನು ಬಾಗಿಲು ಹಾಕಿಕೊಂಡು ಹೋಗಿದ್ದ. ಶನಿವಾರ ಸಂಜೆ ಅವರ ಕಾರ್ಯಕ್ರಮ, ಅಷ್ಟರೊಳಗೆ ಬೇರೆ ಏನಾದರೂ ಹುಡುಕಬೇಕು. ಗುರುವಾರ ಬೆಳಿಗ್ಗೆ ಮಾವ ನನ್ನ ಸ್ಕೂಟರ್ ಹಿಂದೆ ಕೂತು, "ನಡಿ ಬಟ್ಟೆ ಬೀದಿಗೆ" ಅಂದ.

ಬಟ್ಟೆ ಬೀದಿಯಲ್ಲಿ ನನ್ನ ಮಾನ ಮೂರು ಕಾಸಿಗೆ ಹೋಯಿತು.

ಯಾಕೆಂದರೆ ಮಾವ ಬಟ್ಟೆ ನೋಡೋದು ಕಣ್ಣಲ್ಲಲ್ಲ, ಕೈಯಲ್ಲಲ್ಲ, ಬಾಯಲ್ಲಿ. ಬಟ್ಟೆಯ ಒಂದು ತುದಿ ತುಟಿಗೆ ಹಚ್ಚಿ, ಹಿಂದೆ ಅಂಗೈ ಹಿಡಿದು, ಉಫ್ ಅಂತ ಊದ್ತಾನೆ. ಉಸಿರಿನ ಬಿಸಿ ಅಂಗೈಗೆ ಬಂದರೆ "ಹಾಯ್ತು" ಅಂತಾನೆ. ಬರಲಿಲ್ಲ ಅಂದರೆ ಬಟ್ಟೆ ಕೆಳಗೆ ಹಾಕಿ ಮುಂದಿನದಕ್ಕೆ ಹೋಗ್ತಾನೆ. ಪರದೆ ಅಂಗಡಿಯವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಡೆಯಲಾರದೆ ಬಾಯಿಬಿಟ್ಟ.

"ಸ್ವಾಮಿ, ಅದು ಬಟ್ಟೆ. ಒಲೆ ಅಲ್ಲ."

"ಒಲೆ ಆಗಿದ್ರೆ ಇಷ್ಟೊತ್ತಿಗೆ ಹತ್ಕೊಂಡಿರೋದು. ಆ ನೀಲೀದು ಕೊಡಿ."

"ಎಂಜಲಾದ್ದನ್ನ ಯಾರು ತಗೋತಾರೆ?"

"ಬರೀ ಗಾಳಿ ಕಣ್ರೀ, ಎಂಜಲಲ್ಲ. ಪಟಾಕಿ, ನಿನ್ನ ಕೈ ತೋರ್ಸು. ಒದ್ದೆ ಇದೆಯಾ ನೋಡ್ಲಿ."

ನನ್ನ ಕೈ ಹಿಡಿದು ಅದರ ಮೇಲೆ ಊದಿ ತೋರಿಸಿದ! ಬಟ್ಟೆ ಕೊಳ್ಳೋಕೆ ಬಂದಿದ್ದ ಇಬ್ಬರು ಹುಡುಗೀರು ಪಕ್ಕಕ್ಕೆ ತಿರುಗಿ ನಕ್ಕರು. ನಾನು ಹಲ್ಲು ಕಡಿದೆ.

"ಮಾವ, ಶಬ್ದಕ್ಕೆ ಬಟ್ಟೆ ಬೇಕಾಗಿರೋದು. ಕೇಳಿ ನೋಡಬೇಕು. ಊದಿ ಊದಿ ಏನು ಗೊತ್ತಾಗುತ್ತೆ ನಿಂಗೆ?"

"ಗಾಳಿ ಹೋಗದ ಕಡೆ ಶಬ್ದ ಎಲ್ಲಿಂದ ಹೋಗುತ್ತೋ?" ಅಂದು ಮಾವ ಮುಂದೆ ನಡೆದ.

ನನಗೊಂದು ಸೋಫಾ ಬಟ್ಟೆ ಕಣ್ಣಿಗೆ ಬಿದ್ದಿತ್ತು. ಕಪ್ಪು, ನಡುನಡುವೆ ಬೆಳ್ಳಿ ಎಳೆ. ಪೆಟ್ಟಿಗೆಗೆ ಹಾಕಿದರೆ ರಾಜನ ಹಾಗೆ ಕೂರ್ತಿತ್ತು. ಮಾವ ಊದಿದ, ಕೆನ್ನೆ ಬಲೂನಿನ ಹಾಗಾಯಿತು, ಅಂಗೈ ತಣ್ಣಗೇ ಉಳೀತು. ಹಿಂದುಗಡೆ ರಬ್ಬರ್ ಬಳಿದಿದ್ರು. ಗೋಣಿತಟ್ಟು ನೋಡಿದ್ವಿ. ಉಸಿರೇನೋ ಹಾಯ್ತು, ಜೊತೆಗೆ ನಾರಿನ ಧೂಳೂ ಹಾಯ್ದು ಮಾವ ಸೀನಿದ ಸೀನಿಗೆ ಅಂಗಡಿಯವನೇ ಎದ್ದು ನಿಂತ. ಸೊಳ್ಳೆಪರದೆ ಹಾಕಿದರೆ ಒಳಗಿನ ಸ್ಕ್ರೂ, ವೈರು, ಜೇಡನ ಬಲೆ ಎಲ್ಲಾ ಕಾಣಿಸುತ್ತೆ. ಎರಡು ಪದರ ಹಾಕಿದರೆ ನೋಡೋರಿಗೆ ಕಣ್ಣು ತಿರುಗೋ ಹಾಗೆ ಅಲೆ ಅಲೆ. ಆಟಗಾರರ ಬನಿಯನ್ನಿನ ತೂತು ಬಟ್ಟೆ ಚೆನ್ನಾಗಿತ್ತು, ಆದರೆ ಎಳೆದ ಕೂಡಲೆ ತೂತೆಲ್ಲಾ ಒಂದೊಂದು ಕಡೆಗೆ ಬಾಯಿ ಸೊಟ್ಟ ಮಾಡ್ಕೊಳ್ತು.

ಮಧ್ಯಾಹ್ನದ ಹೊತ್ತಿಗೆ ನನಗೆ ತಲೆ ಕೆಟ್ಟು ಹೋಗಿತ್ತು. ಅತ್ತೆ ಮೆಷಿನ್ ಸೂಜಿ ತರೋಕೆ ಹೇಳಿದ್ದರು. ಅಂಗಡಿ ಹಿಂದಿನ ಕೋಣೆಯಲ್ಲಿ ಅವರು ಹೊಲಿಗೆ ಹಾಕ್ತಾರೆ, ಪೆಟ್ಟಿಗೆಗಳಿಗೆ ಗವಸು ಹೊಲಿಯೋದೂ ಅವರೇ. ದಾರದ ಅಂಗಡಿಯಲ್ಲಿ ಸೂಜಿ ಬರೋವರೆಗೂ ಒಂದು ಬಟ್ಟೆ ಸುರುಳಿಗೆ ಒರಗಿ ನಿಂತೆ. ಮೊಣಕೈಗೆ ಒರಟಾಗಿ ಹತ್ತಿತು. ತಿರುಗಿ ನೋಡಿದೆ. ಮ್ಯಾಟಿ ಬಟ್ಟೆ. ಹೆಂಗಸರು ಕಸೂತಿ ಹಾಕ್ತಾರಲ್ಲ, ಎಳೆ ಎಣಿಸಿಕೊಂಡು ಹೂವು ಬಿಡಿಸ್ತಾರಲ್ಲ, ಅದು. ದಪ್ಪ ಹತ್ತಿ ಎಳೆ, ಸಾಲು ಸಾಲಾಗಿ ತೂತು. ಬೂದಿ ಬಣ್ಣ. ನಾನೇನೂ ಮಾತಾಡದೆ ಒಂದು ತುದಿ ಬಿಚ್ಚಿ ಮಾವನ ಬಾಯಿಗೆ ಹಿಡಿದೆ.

ಮಾವ ಊದಿದ. ಅಂಗೈ ನೋಡಿಕೊಂಡ. ಇನ್ನೊಂದು ಸಲ ಊದಿದ.

"ಪರವಾಗಿಲ್ವೋ ಪಟಾಕಿ" ಅಂದ. "ಇದೇ ಆಗ್ಲಿ."

ನಗಬೇಕು ಅನ್ನಿಸಿತು, ನಗಲಿಲ್ಲ. ನಕ್ಕರೆ ಇಷ್ಟಕ್ಕೇ ಇವನಿಗೆ ಸಮಾಧಾನ ಆಗಿಬಿಟ್ತು ಅಂದ್ಕೊಳ್ತಾನೆ.

ಮಾರನೇ ದಿನ ಆ ಮೇಜಿನ ಮುಂದೆ ನಿಂತೆ. ಚೌಕಟ್ಟಿನ ಮೇಲೆ ಬಟ್ಟೆ ಹಾಸಿ, ನಡುವಿನಿಂದ ಅಂಚಿಗೆ ಎಳೆದು, ಒಂದೊಂದೇ ಪಿನ್ನು ಹೊಡೆದೆ. ಎಳೆ ಒಂದು ಕೂದಲಷ್ಟು ಸೊಟ್ಟ ಹೋದರೂ ಮ್ಯಾಟಿಯಲ್ಲಿ ಎದ್ದು ಕಾಣುತ್ತೆ, ಕುಡಿದವನು ಬೀದೀಲಿ ನಡೆದ ಹಾಗೆ. ಮೂರು ಸಲ ಕಿತ್ತು ಮೂರು ಸಲ ಹೊಡೆದೆ. ಮಾವ ಬಂದು ನೋಡಿದ, ಬೆರಳಲ್ಲಿ ತಟ್ಟಿದ.

"ಹಿಂದುಗಡೆ ಅಂಟುನೀರು ಬಳಿ. ಇಲ್ದಿದ್ರೆ ದಪ್ಪ ತಂತಿ ಮೀಟಿದಾಗ ಗುಯ್‌ಗುಡುತ್ತೆ."

ಅದು ನಮ್ಮ ಅಂಗಡಿಯ ರೂಢಿ. ಬಟ್ಟೆ ಬಿಗಿಯಾಗಿ ನಿಲ್ಲಲಿ ಅಂತ ಬಿಳೀ ಅಂಟನ್ನ ನೀರಲ್ಲಿ ತೆಳು ಮಾಡಿ ಹಿಂದೆ ಬಳಿಯೋದು. ಎಷ್ಟೋ ಪೆಟ್ಟಿಗೆಗೆ ನಾನೇ ಬಳಿದಿದ್ದೆ, ಹಾಗಾಗಿ ಯೋಚನೆ ಮಾಡಲಿಲ್ಲ. ಬಳಿದೆ. ಕಿಟಕಿಗೆ ಒರಗಿಸಿ ಒಣಗಲು ಬಿಟ್ಟೆ. ಶನಿವಾರ ಬೆಳಿಗ್ಗೆ ನೋಡಿದರೆ ಚರ್ಮ ಬಿಗಿದ ಹಾಗಿತ್ತು. ಪೆಟ್ಟಿಗೆಗೆ ಕೂರಿಸಿದೆ. ನಾನೇ ಮಾಡಿದ್ದು ಅಂತ ಹೇಳ್ಕೋಬಾರದು, ಆದರೂ ಅಷ್ಟು ಚೆಂದ ಇತ್ತು.

ಅಂಗಡಿಯ ಹಳೇ ಗಿಟಾರ್ ಹಾಕಿ ಮೀಟಿದೆ.

ಶಬ್ದ ಕಂಬಳಿ ಹೊದ್ದು ಮಲಗಿತ್ತು. ದಪ್ಪ ತಂತಿ ಗುಮ್ ಅಂತಿತ್ತು, ಸಣ್ಣ ತಂತಿಯ ಹರಿತ ಎಲ್ಲಾ ಮಾಯ.

"ಮಾವ, ಮಂದ ಆಗಿದೆ."

ಮಾವ ನನ್ನ ಮುಖ ನೋಡಿದ, ಪೆಟ್ಟಿಗೆ ನೋಡಿದ. "ಚೆನ್ನಾಗಿದೆಯಲ್ಲೋ."

"ಏನು ಚೆನ್ನಾಗಿದೆ? ಟ್ರೆಬಲ್ ಸತ್ತುಹೋಗಿದೆ."

"ಹೊಸ ಬಟ್ಟೆ. ನಾಲ್ಕು ದಿನ ಬಾರಿಸಿದ್ರೆ ಸರಿಹೋಗುತ್ತೆ. ಸುಮ್ನೆ ಕಿರುಚಾಡ್ಬೇಡ."

"ನಿನ್ನ ಕಿವಿಗೇನು ಹತ್ತಿ ಇಟ್ಕೊಂಡಿದೀಯಾ?"

"ನೋಡು, ಈ ಅಂಗಡೀಲಿ ಸರಿ ಅನ್ನೋನು ನಾನು."

ಅಷ್ಟೇ ಸಾಕಾಯಿತು, ಪಿತ್ತ ನೆತ್ತಿಗೇರಿತು. ಬಟ್ಟೆಯ ಚೌಕಟ್ಟು ಕಳಚಿ ಗೋಡೆಗೆ ಒರಗಿಸಿದೆ. ಕಪಾಟಿನಿಂದ ಟೋನ್ ಡಬ್ಬಿ ತೆಗೆದೆ. ಸ್ಪೀಕರ್ ಪರೀಕ್ಷೆ ಮಾಡೋಕೆ ಇಟ್ಟಿರೋದು ಅದು. ಅದರ ತಿರುಗುಗುಂಡಿ ತಿರುವಿದರೆ ಶಬ್ದ ಗೊಗ್ಗರಿನಿಂದ ಶುರುವಾಗಿ ಸೂಜಿಯಷ್ಟು ಸಣ್ಣಗಾಗೋವರೆಗೂ ಏರುತ್ತೆ. "ಮೊದಲು ಬಟ್ಟೆ ಇಲ್ದೆ ಕೇಳು. ಆಮೇಲೆ ಬಟ್ಟೆ ಹಾಕಿ ಕೇಳು. ಆಮೇಲೆ ಹೇಳು ನಂಗೆ" ಅಂದು ಸೀದಾ ಮೇಲಿನ ತುದಿಗೆ ತಿರುಗಿಸಿ ಸ್ವಿಚ್ ಒತ್ತಿದೆ.

ಅಮ್ಮಾ! ಹಲ್ಲಿನ ಬೇರಿಗೆ ಮೊಳೆ ಇಟ್ಟ ಹಾಗೆ ಚೀರಿತು. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು, ನನ್ನನ್ನ ಒಂದು ಸಲ ನೋಡಿ, ಬೀದಿ ದಾಟಿ ಹೋಯಿತು. ಹಿಂದಿನ ಕೋಣೆಯಿಂದ ಅತ್ತೆ ಎರಡೂ ಕಿವಿ ಮುಚ್ಚಿಕೊಂಡು ಓಡಿ ಬಂದರು.

ಮಾವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಹಾಕೋ ಮತ್ತೆ" ಅಂದ. "ಎಷ್ಟೊತ್ತು ಕಾಯ್ಸ್ತೀಯ?"

ಅದು ಚೀರುತ್ತಲೇ ಇತ್ತು. ನಾನು ಮಾವನನ್ನ ನೋಡಿದೆ. ಅವನ ಮುಖದಲ್ಲಿ ಒಂದು ಗೆರೆ ಕೂಡ ಅಲುಗಲಿಲ್ಲ. ಅತ್ತೆ ನನ್ನ ಕಡೆ ನೋಡಿ ಬೇಡ ಅನ್ನೋ ಹಾಗೆ ತಲೆ ಆಡಿಸಿದರು. ಕಿವಿ ಮೇಲಿದ್ದ ಅವರ ಕೈ ಮೆಲ್ಲಗೆ ಕೆಳಗಿಳೀತು. ಆದರೆ ಮಾವ ನೋಡಿಬಿಟ್ಟಿದ್ದ. ಅತ್ತೆಯ ಕೈ ನೋಡಿದ, ನನ್ನ ಮುಖ ನೋಡಿದ, ಡಬ್ಬಿಯ ಕೆಂಪು ದೀಪ ಹತ್ತಿರೋದನ್ನ ನೋಡಿದ. ಬಂದು ಸ್ವಿಚ್ ಆರಿಸಿ, ಮೇಜಿನ ಮೇಲಿನ ಸ್ಕ್ರೂಗಳನ್ನ ಒಂದು ಬಟ್ಟಲಿಗೆ ತುಂಬತೊಡಗಿದ. ಎಲ್ಲಾ ಅಳತೆಯ ಸ್ಕ್ರೂನೂ ಒಂದೇ ಬಟ್ಟಲಿಗೆ. ಯಾವತ್ತೂ ಹಂಗೆ ಮಾಡಿದವನಲ್ಲ.

ನನಗೆ ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮೈಯೆಲ್ಲಾ ಉರೀತು. ಕೇಳಿಸದ ಮನುಷ್ಯ ನನಗೆ "ಸುಮ್ನಿರೋ" ಅಂತಿದ್ನಾ ಇಷ್ಟು ದಿನ? ಕೇಳಿಸದ ಮನುಷ್ಯ ಸರಿ ಅನ್ನೋನು, ಕೇಳಿಸೋ ನಾನು ಪಾರ್ಸೆಲ್ ಆಫೀಸಿಗೆ!

ಬಾಯಿ ತೆರೆಯೋಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಗಿಟಾರ್ ಅಕ್ಕ ಬೇಗ ಬಂದಿದ್ರು.

"ಬಟ್ಟೆ ಚೌಕಟ್ಟು ಹಾಕೋ" ಅಂತ ಮಾವ ಮೆಲ್ಲಗೆ ಅಂದ. ಹಾಕಿದೆ.

ಅಕ್ಕ ಬಟ್ಟೆ ಮೇಲೆ ಕೈಯಾಡಿಸಿದರು. "ಅರೆ, ಚೆಂದ ಇದೆ. ನಮ್ಮಮ್ಮ ಇದರ ಮೇಲೆ ಹೂವು ಹಾಕ್ತಿದ್ರು." ಗಿಟಾರಿನ ವೈರು ಚುಚ್ಚಿ, ಸ್ಟೂಲಿನ ಮೇಲೆ ಕೂತು ಬಾರಿಸಿದರು.

ಆಗ ನಾನು ನೋಡಿದೆ. ಮಾವ ಪೆಟ್ಟಿಗೆಗೆ ಬೆನ್ನು ಹಾಕಿ ನಿಂತಿದ್ದ. ಅವನು ಯಾವಾಗಲೂ ಹಾಗೇ ನಿಲ್ಲೋದು, ದೊಡ್ಡವರ ಗತ್ತು ಅಂದ್ಕೊಂಡಿದ್ದೆ. ಅವನ ಕಣ್ಣು ಅಕ್ಕನ ಮುಖದ ಮೇಲಿತ್ತು. ದಪ್ಪ ತಂತಿ ಬಾರಿಸಿದಾಗ ಅಕ್ಕನ ತಲೆ ಆಡಿತು. ಸಣ್ಣ ತಂತಿಗೆ ಬಂದಾಗ ಹುಬ್ಬಿನ ನಡುವೆ ಒಂದು ಗೆರೆ ಮೂಡಿತು, ಕತ್ತು ಪೆಟ್ಟಿಗೆ ಕಡೆ ವಾಲಿತು.

"ಮೇಲುಗಡೆ ಸಾಲದು, ಅಲ್ವಾ?" ಅಂದ ಮಾವ.

ಅಕ್ಕ ಬೆರಗಾದರು. "ನಾನು ಬಾಯಿಬಿಡೋಕೆ ಮುಂಚೆ ಹೇಳಿಬಿಟ್ರಲ್ಲ! ನಿಮ್ಮ ಕಿವಿಗೆ ದೊಡ್ಡ ನಮಸ್ಕಾರ."

ನನ್ನ ತಲೆಯೊಳಗೆ ಏನೋ ಸಿಡೀತು. "ನಾನೂ ಅದನ್ನೇ ಹೇಳಿದ್ದು!" ಅಂತ ಕೂಗಿಬಿಟ್ಟೆ. "ಬೆಳಿಗ್ಗೆಯಿಂದ ಅದನ್ನೇ ಬಡ್ಕೊಳ್ತಿದೀನಿ! ಇವನಿಗೆ..."

ಅಕ್ಕ ನನ್ನ ಕಡೆ ತಿರುಗಿದರು. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮಾವ ಮಾತ್ರ ನನ್ನನ್ನೇ ನೋಡ್ತಾ ನಿಂತ. ತಡೆಯೋಕೆ ಬರಲಿಲ್ಲ, ಕಣ್ಣು ಸನ್ನೆ ಮಾಡಲಿಲ್ಲ. ಹೇಳ್ತೀಯಾದ್ರೆ ಹೇಳು ಅನ್ನೋ ಹಾಗೆ ನಿಂತಿದ್ದ. ನಾಲಿಗೆ ತುದಿಗೆ ಬಂದ ಮಾತು ಹಲ್ಲಿಗೆ ಬಡಿದು ನಿಂತಿತು. ಅದನ್ನ ಹೇಳಿದರೆ ನಾಳೆಯಿಂದ ಯಾವ ಗಿರಾಕಿ ಈ ಬಾಗಿಲಿಗೆ ಬರ್ತಾನೆ? ಆ ಮೇಜು ಇದ್ದು ನಾನಾದರೂ ಏನು ಮಾಡಲಿ?

ಸಿಟ್ಟನ್ನ ಎಲ್ಲಾದರೂ ಹಾಕಬೇಕಿತ್ತು. ಬಗ್ಗಿ, ಪೆಟ್ಟಿಗೆಯ ಮುಂದಿನ ಚೌಕಟ್ಟು ಕಿತ್ತು, ಬಟ್ಟೆಗೆ ಬಾಯಿ ಹಚ್ಚಿ, ಹಿಂದೆ ಅಂಗೈ ಹಿಡಿದು, ಇದ್ದ ಉಸಿರನ್ನೆಲ್ಲಾ ಊದಿದೆ.

ಅಂಗೈ ತಣ್ಣಗಿತ್ತು.

"ಅಂಟು!" ಅಂದೆ. "ನಾನು ಇವನ ಕೈಲಿ ಊದಿಸಿದ್ದು ಅಂಟು ಬಳಿಯೋಕೆ ಮುಂಚೆ. ಬಳಿದ ಮೇಲೆ ಯಾರೂ ಊದಲಿಲ್ಲ. ಹಳೇದು ಪ್ಲಾಸ್ಟಿಕ್ ನೂಲು, ಅಂಟು ಕುಡೀತಿರಲಿಲ್ಲ. ಇದು ಹತ್ತಿ. ಹೊಟ್ಟೆ ತುಂಬಾ ಕುಡಿದು ತೂತೆಲ್ಲಾ ಮುಚ್ಕೊಂಡಿದೆ."

ಮಾವ ಚೌಕಟ್ಟು ಇಸ್ಕೊಂಡು ತಾನೂ ಊದಿದ. ಅಂಗೈ ನೋಡಿಕೊಂಡ. "ಹೌದಲ್ಲೋ" ಅಂದ, ಸಣ್ಣ ದನಿಯಲ್ಲಿ.

ಅಕ್ಕ ಒಬ್ಬೊಬ್ಬರನ್ನೇ ನೋಡಿದರು. "ಇಬ್ಬರೂ ಸೇರ್ಕೊಂಡು ನನ್ನ ಪೆಟ್ಟಿಗೇನ ಬಲೂನ್ ಮಾಡ್ಕೊಂಡಿದೀರಾ? ಸಂಜೆಯೊಳಗೆ ಆಗುತ್ತೋ ಇಲ್ವೋ ಅಷ್ಟು ಹೇಳಿ."

"ಆಗುತ್ತೆ" ಅಂದೆ, ಮಾವನನ್ನ ಕೇಳದೆ.

ಅಕ್ಕ ಹೋದ ಮೇಲೆ ಇಕ್ಕಳ ತಗೊಂಡು ಕೂತೆ. ಒಂದೊಂದು ಪಿನ್ನನ್ನೂ ಯಾರದೋ ಹಲ್ಲು ಕೀಳೋ ಹಾಗೆ ಕೀಳ್ತಿದ್ದೆ. ಮ್ಯಾಟಿ ಇನ್ನೂ ಒಂದು ತುಂಡು ಉಳಿದಿತ್ತು, ಸಾಕಾಗೋಷ್ಟು.

"ಯಾವಾಗಿಂದ?" ಅಂದೆ.

"ಗೊತ್ತಿಲ್ಲ ಕಣೋ. ಒಂದೇ ದಿನ ಹೋಗಿದ್ರೆ ಗೊತ್ತಾಗೋದು. ಸ್ಪೀಕರ್ ಮುಂದೆ ಕೂತು ಕೂತು ಮೇಲಿಂದ ಒಂದೊಂದೇ ಎಳೆ ಉದುರಿಹೋಯ್ತು. ಕುಕ್ಕರ್ ಸೀಟಿ ಹೊಡೀತಿಲ್ಲ ಅಂತ ನಾನು..."

"ಹೊಸ ಕುಕ್ಕರೇ ತಂದ ಪುಣ್ಯಾತ್ಮ!" ಒಳಗಿಂದ ಅತ್ತೆ ಕೂಗಿದರು. "ಅದೂ ಸೀಟಿ ಹೊಡೀತಿಲ್ಲ ಅಂತ ವಾಪಸ್ ಕೊಡೋಕೆ ಹೋಗಿದ್ರು. ಅಂಗಡಿಯವನು ಅಲ್ಲೇ ಹೊಡೆಸಿ ತೋರ್ಸಿದ!"

ನನಗೆ ನಗು ಬಂತು. ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು.

"ನನಗೆ ಹೇಳಬಾರದಿತ್ತಾ? ನನ್ನ ಕಿವಿ ಇತ್ತಲ್ಲ ಇಲ್ಲೇ. ಪಕ್ಕದಲ್ಲೇ ಇದ್ದೆ ನಾನು, ಕತ್ತೆ ಹಾಗೆ ಪೆಟ್ಟಿಗೆ ಹೊತ್ಕೊಂಡು. ಒಂದು ದಿನ ಆದ್ರೂ ನನ್ನ ಕೇಳಿದ್ಯಾ?"

"ಕೇಳ್ದೆ ಇರ್ತೀನಾ? ಪ್ರತಿ ಸಲ ನಿನ್ನ ಮುಖಾನೇ ಮೊದಲು ನೋಡ್ತಿದ್ದೆ."

"ಮತ್ತೆ?"

"ಮತ್ತೆ ಏನು ಮತ್ತೆ! ಕನ್ನಡಿ ನೋಡ್ಕೊಂಡಿದೀಯಾ ಯಾವತ್ತಾದ್ರೂ? ಶಬ್ದ ಚೆನ್ನಾಗಿದ್ರೂ ಅದೇ ಮುಖ, ಕೆಟ್ಟಿದ್ರೂ ಅದೇ ಮುಖ. ಟೀ ತಂದುಕೊಟ್ಟೋನನ್ನೂ ಜೇಬುಗಳ್ಳನ್ನ ನೋಡೋ ಹಾಗೆ ನೋಡ್ತೀಯ. ಅದರಲ್ಲಿ ನಾನು ಟ್ರೆಬಲ್ ಎಲ್ಲಿ ಹುಡುಕ್ಲಿ, ಬೇಸ್ ಎಲ್ಲಿ ಹುಡುಕ್ಲಿ?"

"ಬಾಯಲ್ಲಿ ಹೇಳ್ತಿದ್ನಲ್ಲ!"

"ಬಾಯಲ್ಲಿ ನೀನು ದಿನಕ್ಕೆ ನೂರು ಹೇಳ್ತೀಯ. ಫ್ಯಾನ್ ಸರಿಯಿಲ್ಲ ಅಂತೀಯ, ಊಟ ಸರಿಯಿಲ್ಲ ಅಂತೀಯ, ಬೀದಿ ಸರಿಯಿಲ್ಲ ಅಂತೀಯ. ಯಾವುದನ್ನ ನಂಬಲಿ ಹೇಳು."

ಇಕ್ಕಳ ಹಿಡಿದು ಇನ್ನೊಂದು ಪಿನ್ನು ಕಿತ್ತೆ.

ಅಂಟು ಬೇಡ ಅಂದ ಮೇಲೆ ಬಟ್ಟೆ ಬಿಗಿಯಾಗಿ ನಿಲ್ಲೋದು ಹೇಗೆ? ದಪ್ಪ ತಂತಿಗೆ ಗುಯ್‌ಗುಡದೆ ಇರಬೇಕಲ್ಲ. ಅದಕ್ಕೆ ಅತ್ತೆ ದಾರಿ ಹೇಳಿದರು. "ಒಗೆಯದ ಮ್ಯಾಟಿ ಅದು. ಮೊದಲನೇ ನೀರಿಗೆ ಕುಗ್ಗೇ ಕುಗ್ಗುತ್ತೆ. ಒಣಗಿದ್ದನ್ನೇ ಎಳೆದು ಪಿನ್ನು ಹೊಡಿ, ಆಮೇಲೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡು. ಅದೇ ಬಿಗಿದುಕೊಳ್ಳುತ್ತೆ." ಹಾಗೇ ಮಾಡಿದೆ. ಆವಿ ಎದ್ದಿತು, ಬಟ್ಟೆ ನನ್ನ ಕಣ್ಣೆದುರೇ ಮೈ ಸೆಟೆಸಿಕೊಂಡಿತು. ಫ್ಯಾನಿನ ಮುಂದೆ ಒಣಗಿಸಿ, ಊದಿದೆ. ಮಾವನೂ ಊದಿದ. ಇಬ್ಬರ ಅಂಗೈಗೂ ಬಿಸಿ ಬಂತು.

ಇಳಿ ಹೊತ್ತಿಗೆ ಅಕ್ಕ ಬಂದು ಸ್ಟೂಲಿನ ಮೇಲೆ ಕೂತರು. ಮಾವ ಪೆಟ್ಟಿಗೆಗೆ ಬೆನ್ನು ಹಾಕಿ ನಿಂತ, ಒಂದು ಕೈ ಹಿಂದಕ್ಕೆ ಚಾಚಿ ಶಬ್ದ ತಿದ್ದೋ ಗುಂಡಿಗಳ ಮೇಲಿಟ್ಟುಕೊಂಡು. ಆದರೆ ಅಕ್ಕನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದ.

ಮುಖ ಬಿಚ್ಚಿ ಇಡೋದು ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತೋದಕ್ಕಿಂತ ಕಷ್ಟ. ದವಡೆ ಸಡಿಲ ಬಿಟ್ಟೆ. ಹುಬ್ಬು ಕೆಳಗಿಳಿಸಿದೆ. ಎಲ್ಲಾರೆದುರು ಅಂಗಿ ಬಿಚ್ಚಿ ನಿಂತ ಹಾಗಾಯಿತು. ಅಕ್ಕ ಬಾರಿಸಿದರು. ಸಣ್ಣ ತಂತಿ ಗಾಜಿನ ಹಾಗೆ ಬಂತು, ಇನ್ನೊಂದು ಕೂದಲೆಳೆ ಬೇಕಿತ್ತು. ಬೇಕು ಅಂದ್ಕೊಂಡೆ ಅಷ್ಟೇ. ಮಾವನ ಬೆರಳು ಒಂದು ಕೂದಲೆಳೆ ತಿರುಗಿತು. ಅಕ್ಕ ಕಣ್ಣು ಮುಚ್ಚಿ ಬಾರಿಸ್ತಾ ಹೋದರು.

ಆಗ ನನ್ನ ಜೇಬಿನಲ್ಲಿ ಫೋನು ಕೀಂ ಅಂತ ಕಿರುಚಿತು. ಇಣುಕಿದೆ, ಭಾವ. ಸೋಮವಾರ ಎಷ್ಟು ಹೊತ್ತಿಗೆ ಬರ್ತೀಯ ಅಂತ ಕೇಳೋಕೇ ಇರಬೇಕು. ಮುಖ ತಾನಾಗೇ ಗಂಟು ಹಾಕ್ಕೊಂಡಿತು.

ಆ ಕೀಂ ಮಾವನಿಗೆಲ್ಲಿ ಕೇಳಬೇಕು, ತಕ್ಷಣ ಅವನ ಬೆರಳು ಟ್ರೆಬಲ್ ಗುಂಡಿಗೆ ಹೋಯಿತು. "ಜಾಸ್ತಿ ಆಯ್ತಾ?" ಅಂತ ತುಟಿಯಲ್ಲೇ ಕೇಳಿದ.

ಇಲ್ಲ ಅಂತ ತಲೆ ಆಡಿಸಿ, ಜೇಬಿಗೆ ಕೈಹಾಕಿ ಫೋನಿನ ಕತ್ತು ಹಿಸುಕಿದೆ. ಮಾವ ಗುಂಡಿ ಮೇಲಿಂದ ಕೈ ತೆಗೆಯಲಿಲ್ಲ. ನನ್ನ ಮುಖ ಸರಿಹೋಗೋವರೆಗೂ ಕಾಯ್ತಾ ನಿಂತ.